ಬುರುಲ್‌ಗೆ ಬಂದ ಅಂಕ

ವಸಂತ ಬಂದು ವಿದ್ಯಾರ್ಥಿಗಳ ಮನೆಭೇಟಿ ಪರೀಕ್ಷೆ ಶುರುವಾದರೆ ಸಾಕು, ಬುರುಲ್ ಮೇಡಂಗೆ ತಾನು ನರಿನ್ ಊರಿನಲ್ಲಿ ಓದುತ್ತಿದ್ದ ದಿನಗಳು ನೆನಪಾಗುತ್ತವೆ. ಎಂಥ ಕಾಲವಪ್ಪ ಅದು! ಸಮಾಜಕಾರ್ಯದ ಮೂರನೇ ವರ್ಷ, ಊರವರ ಮನೆಗೆ ಹೋಗಿ ಕಷ್ಟಸುಖ ವಿಚಾರಿಸಿ ಬರೆಯುವುದೇ ಪರೀಕ್ಷೆ. ಐದಕ್ಕೆ ಐದು ಬಂದರೆ ಜಾಣೆ, ಎರಡು ಬಂದರೆ ಫೇಲು. ಫೇಲಾದರೆ ವಿದ್ಯಾರ್ಥಿವೇತನಕ್ಕೆ ಕತ್ತರಿ, ಗಂಟುಮೂಟೆ ಕಟ್ಟಿ ಅಪ್ಪನ ಕುರಿಗಳ ಹಿಂದೆ ಹೋಗುವುದೇ ಗತಿ.

ಅಂಕ ಹಾಕುವವರು ಸೋನುನ್‌ಬೂಬು ಮೇಡಂ. ಅವರು ಹಿಂದೆಯೇ ಬರುತ್ತಿರಲು ಬುರುಲ್ ಪರೀಕ್ಷೆಗೆಂದು ಗೊತ್ತುಮಾಡಿದ್ದ ಕಾಲಿಮಾನ್ ಅಜ್ಜಿಯ ಮನೆ ಹೊಕ್ಕಳು. ಅಜ್ಜಿ ನಾನ್ ರೊಟ್ಟಿ ಮುರಿದು ಮುಂದಿಟ್ಟಳು.

"ಒಂದು ಚೂರು ಬಾಯಿಗೆ ಹಾಕ್ಕೊ ಮಗಳೇ."

"ಬೇಡಜ್ಜಿ. ಯಾರ ಮನೇಲೂ ಏನೂ ತಗೋಬಾರ್ದು ಅಂತ ರೂಲ್ಸಿದೆ."

ಬಸ್ಸಿಗೆ ಓಡುವವನೂ ನಾನ್ ಚೂರು ಮುರಿದು ಬಾಯಿಗೆ ಹಾಕಿಕೊಂಡೇ ಹೊಸ್ತಿಲು ದಾಟುವ ಊರದು! ಅಜ್ಜಿಯ ಮುಖ ಸಣ್ಣಗಾಯಿತು. ಆಮೇಲೆ ಕೇಳಿದ್ದಕ್ಕೆಲ್ಲ ಹೂಂ, ಉಹೂಂ ಅಷ್ಟೇ. ನಲವತ್ತು ಪ್ರಶ್ನೆಗಳ ಉತ್ತರವನ್ನೂ ಬುರುಲ್ ಮುತ್ತು ಪೋಣಿಸಿದ ಹಾಗೆ ಬರೆದುಕೊಂಡಳು.

ಹೊರಗೆ ಬಂದವಳೇ, "ಎಷ್ಟು ಮೇಡಂ?" ಅಂದಳು.

"ಎರಡು."

"ಅಯ್ಯೋ! ಒಂದು ಪ್ರಶ್ನೇನೂ ಬಿಟ್ಟಿಲ್ವಲ್ಲ!"

"ಹಾಳೆ ತುಂಬಿಸ್ದೆ, ಅಜ್ಜಿ ಬಾಯಿ ಮುಚ್ಚಿಸ್ದೆ. ಸಂಜೇವರೆಗೂ ಟೈಮಿದೆ, ಏನ್ಮಾಡ್ತೀಯೋ ಮಾಡು."

ಬುರುಲ್ ದಾರಿಯುದ್ದಕ್ಕೂ ಅತ್ತಳು, ಮೇಡಂಗೆ ಹಿಡಿಶಾಪ ಹಾಕಿದಳು. ಮಧ್ಯಾಹ್ನ ಮತ್ತೆ ಅದೇ ಬಾಗಿಲು ತಟ್ಟಿದಳು.

"ಅಜ್ಜಿ, ನಿಮ್ಮ ನಾನ್ ರೊಟ್ಟಿ ತಿನ್ನೋಕೆ ಬಂದೆ."

"ಯಾಕೆ, ಬೆಳಿಗ್ಗೆ ಹಲ್ಲುನೋವಿತ್ತಾ?"

ತಿನ್ನುತ್ತ ಕುಳಿತವಳ ಕಣ್ಣು ಅಜ್ಜಿಯ ಕೈಮೇಲೆ ಬಿತ್ತು. ಅಜ್ಜಿ ಬಟ್ಟಲೊಳಗೆ ಬೆರಳಿಟ್ಟು, ಬಿಸಿ ತಾಗಿದಾಗ ಚಹಾ ಸುರಿಯುವುದನ್ನು ನಿಲ್ಲಿಸಿದಳು.

"ಅಜ್ಜಿ, ಕಣ್ಣು ಕಾಣ್ಸಲ್ವಾ?"

"ಚಳಿಗಾಲದಿಂದ ಇಲ್ಲ ಕಣೇ."

"ಬೆಳಿಗ್ಗೆ ಚೆನ್ನಾಗಿ ಕಾಣುತ್ತಾ ಅಂದಿದ್ದಕ್ಕೆ ಹೂಂ ಅಂದ್ರಲ್ಲ!"

"ನನ್ನ ನಾನ್ ಮುಟ್ಟದೋಳಿಗೆ ನನ್ನ ಕಣ್ಣಿನ ಗೋಳು ಯಾಕೆ ಹೇಳ್ಲಿ?"

ಬುರುಲ್‌ಗೆ ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಸಂಜೆ ಹಳೆಯ ಹಾಳೆಯನ್ನು ತಾನೇ ಹರಿದು, ಅಜ್ಜಿಯನ್ನು ಕಣ್ಣಿನ ಆಸ್ಪತ್ರೆಗೆ ಕಳಿಸಬೇಕೆಂದು ಹೊಸದಾಗಿ ಬರೆದುಕೊಟ್ಟಳು. ಮೇಡಂ ಎರಡೆರಡು ಸಲ ಓದಿ ಮೂರು ಹಾಕಿದರು.

"ಬರೀ ಮೂರಾ?"

"ಅಜ್ಜಿ ಆಗಿದ್ರೆ ಐದು ಕೊಡ್ತಿದ್ಲು. ನಾನು ಅಜ್ಜಿ ಅಲ್ಲ."

ಪಾಸಾದಳು, ಆದರೆ ಮೂತಿ ಊದಿಸಿಕೊಂಡು ಎದ್ದು ಬಂದಳು. ಸೋನುನ್‌ಬೂಬು ಮೇಡಂ ತೀರಿಕೊಂಡು ಈಗ ಒಂಬತ್ತು ವರ್ಷ. ನಿಮ್ಮಿಂದ ಉದ್ಧಾರವಾದೆ ಮೇಡಂ ಅನ್ನುವ ಮಾತು ಇನ್ನೂ ಬುರುಲ್ ಬಾಯಲ್ಲೇ ಉಳಿದಿದೆ.