ಬಿಟ್ಟುಹೋದ ಹದಿನಾರು ಪುಟ

ಬೈಂಡಿಂಗ್ ಮೇಜಿನ ಮುಂದೆ ಕೂತು ಓದಬಾರದು ಎಂಬುದು ನಮ್ಮ ಪ್ರೆಸ್ಸಿನ ಕಟ್ಟಪ್ಪಣೆ. ಓದಲು ಹೊರಟರೆ ಕೈ ನಿಲ್ಲುತ್ತದಂತೆ. ಹೀಗಾಗಿ ಹದಿನಾರು ಹದಿನಾರು ಪುಟಗಳ ಕಟ್ಟುಗಳನ್ನು ಜೋಡಿಸಿ ಹೊಲಿಯುವ ನನಗೆ ಒಳಗೆ ಏನಿದೆ ಎಂಬುದು ದೇವರಾಣೆಗೂ ಗೊತ್ತಿರುವುದಿಲ್ಲ. ಕುತೂಹಲ ಮಾತ್ರ ಹೊಟ್ಟೆ ತುಂಬ.

ಹಳೆಯ ಮಕ್ಕಳ ಕಾದಂಬರಿಯೊಂದು ಮರುಮುದ್ರಣವಾದಾಗ, ನಾನು ಹೊಲಿದ ಒಂದು ಪ್ರತಿಯಲ್ಲಿ ಒಂದೇ ಕಟ್ಟು ಎರಡು ಸಲ ಸೇರಿ, ಮುಂದಿನದು ಬಿಟ್ಟುಹೋಯಿತು. ಮೇಸ್ತ್ರಿ ಬೈದು ಅದನ್ನು ನನ್ನ ತಲೆಗೇ ಕಟ್ಟಿದರು. ನಾನು ಮಗಳಿಗೆ ಕೊಟ್ಟೆ.

"ಅಮ್ಮ, ತೊಂಬತ್ತಾರನೇ ಪುಟದಲ್ಲಿ ರಾಕ್ಷಸ ಹುಡುಗೀನ ಪಾಳುಬಾವಿಗೆ ತಳ್ತಾನೆ. ನೂರಾ ಹದಿಮೂರರಲ್ಲಿ ಅವಳು ಕಾಡಲ್ಲಿ ಓಡ್ತಿದಾಳೆ. ಹೊರಗೆ ಹೇಗೆ ಬಂದ್ಲು?"

ತಪ್ಪು ಒಪ್ಪಿಕೊಳ್ಳಲು ನಾಲಿಗೆ ಏಳಲಿಲ್ಲ. "ಆನೆ ಬಂದು ಸೊಂಡಿಲು ಇಳಿಸಿ ಎತ್ತಿತು" ಎಂದುಬಿಟ್ಟೆ.

"ಅಲ್ಲಿವರೆಗೂ ಅವಳೇನು ಮಾಡ್ತಿದ್ಲು?"

"ಸುಮ್ನೆ ಕೂತಿದ್ಲು, ಜಾಣೆ."

ಮಗಳು ಆನೆಯನ್ನು ಗಟ್ಟಿಯಾಗಿ ನಂಬಿದಳು. ಲೆಕ್ಕ ಬಾರದಿದ್ದರೆ ಪೆನ್ಸಿಲ್ ಕೆಳಗಿಟ್ಟು ಕೂರುತ್ತಿದ್ದಳು. ಪಕ್ಕದ ಮನೆಯ ಹುಡುಗಿಯರು ಸೈಕಲ್ ಕಿತ್ತುಕೊಂಡರೆ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಕೇಳಿದರೆ "ಆನೆ ಬರತ್ತೆ" ಎನ್ನುತ್ತಿದ್ದಳು. ನಾನು ನಕ್ಕು, ಹೋಗಿ ಸೈಕಲ್ ಬಿಡಿಸಿಕೊಂಡು ಬರುತ್ತಿದ್ದೆ.

ಈಗ ಆ ಕಾದಂಬರಿ ಸಿನಿಮಾ ಆಯಿತು. ಆನೆ ಬರದಿದ್ದರೆ ಮಗಳು ಇನ್ನು ನನ್ನ ಮಾತು ನಂಬುವಳೇ ಎಂಬ ಅಳುಕು ಒಂದು ಕಡೆ, ನಿಜವಾಗಿ ಏನಾಯಿತೋ ಎಂಬ ಕುತೂಹಲ ಇನ್ನೊಂದು ಕಡೆ. ಕುತೂಹಲವೇ ಗೆದ್ದು ಟಿಕೆಟ್ ಕೊಂಡಿತು.

ಪರದೆಯ ಮೇಲೆ ಹುಡುಗಿ ಬಾವಿಗೆ ಬಿದ್ದಳು. ಮಗಳು ಕುರ್ಚಿಯ ತುದಿಗೆ ಬಂದಳು. ಹುಡುಗಿ ಗೋಡೆಯ ಕಲ್ಲೊಂದನ್ನು ಅಲುಗಾಡಿಸಿ ನೋಡಿದಳು, ಕಾಲಿಟ್ಟಳು, ಜಾರಿದಳು, ಮತ್ತೆ ಕಾಲಿಟ್ಟಳು. ನಾನು ಉಸಿರು ಬಿಗಿಹಿಡಿದು ಕೂತೆ. ಅವಳು ಒಬ್ಬಳೇ ಮೇಲೆ ಬಂದಳು. ಬೆರಳುಗಳೆಲ್ಲ ತರಚಿಹೋಗಿದ್ದವು.

ಮಗಳು ನನ್ನತ್ತ ತಿರುಗಿದಳು. "ಆನೆ ಎಲ್ಲಿ?"

"ಆ ಪುಟಗಳು ನನ್ನ ಕೈತಪ್ಪಿನಿಂದ ಬಿಟ್ಟುಹೋಗಿದ್ವು ಕಣೆ. ಆನೆ ನಾನು ಕಟ್ಟಿದ ಕಥೆ."

"ಅವಳೇ ಹತ್ತಿದ್ಲು ಅಂತ ಯಾಕೆ ಕಟ್ಲಿಲ್ಲ?"

ಸುಳ್ಳು ಹೇಳಿ ಸಾಕಾಗಿತ್ತು. "ನಂಗೆ ಹೊಳೀಲೇ ಇಲ್ಲ" ಎಂದೆ. ತುಂಬ ನಾಚಿಕೆಯಾಯಿತು.

ಅವಳು ನನ್ನ ಕೈ ಹಿಡಿದು ಹೇಳಿದಳು:

"ಸಿನಿಮಾ ನೋಡಮ್ಮ. ರಾಕ್ಷಸ ಇನ್ನೂ ಇದಾನೆ, ಹೆದರ್ಬೇಡ."