ಬಸವಮ್ಮನ ಬುಗುಡಿ

ಬೆಟ್ಟದಪುರದ ಬಸವಮ್ಮ ತೀರಿಕೊಂಡ ದಿನ ಅವಳ ಮಗ ಲಿಂಗಯ್ಯ ಪಿರಿಯಾಪಟ್ಟಣಕ್ಕೆ ಬಂದು, ಅಕ್ಕಸಾಲಿ ಅಣ್ಣಯ್ಯಾಚಾರಿಯನ್ನು ಮೊಪೆಡ್ಡಿನ ಮೇಲೆ ಕೂರಿಸಿಕೊಂಡು ಹೋದ. ಅವ್ವನ ಕಿವಿಯ ಮೇಲ್ತುದಿಯ ಬುಗುಡಿ ಬಿಚ್ಚಲು ಯಾರಿಂದಲೂ ಆಗಿರಲಿಲ್ಲ. ನಲವತ್ತೈದು ವರ್ಷದ ಕೆಳಗೆ, ಅವಳ ಮದುವೆಗೆ, ಅದನ್ನು ಮಾಡಿದವನು ಆಚಾರಿಯೇ.

ನಡುವೆ ಕೆಂಪುಕಲ್ಲು, ಸುತ್ತ ನುಚ್ಚಿನಷ್ಟು ಸಣ್ಣ ಮುತ್ತು. ಆಚಾರಿಯೂ ಅವನ ತಮ್ಮನೂ ಎದುರುಬದುರು ಕುಳಿತು ಹದಿನೇಳು ದಿನ ಮಾಡಿದ ಕೆಲಸ. ಅಂಥ ಜೋಡಿ ಆಮೇಲೆ ಅವರ ಕೈಯಿಂದಲೂ ಬರಲಿಲ್ಲ. ಸಂತೆಗೆ ಬಂದಾಗಲೆಲ್ಲ ಬಸವಮ್ಮ ಅಂಗಡಿಯ ಮುಂದೆ ನಿಂತು, "ನೋಡಿ ಆಚಾರ್ರೇ, ಒಂದು ಮುತ್ತೂ ಅಳ್ಳಾಡಿಲ್ಲ" ಎಂದು ಕಿವಿ ತೋರಿಸಿ ಹೋಗುತ್ತಿದ್ದಳು.

ಈಗ ಅವಳನ್ನು ಜಗಲಿಯಲ್ಲಿ ಗೋಡೆಗೊರಗಿಸಿ ಕೂರಿಸಿದ್ದರು. ಆಚಾರಿ ಬೆಚ್ಚಗಿನ ಕೊಬ್ಬರಿ ಎಣ್ಣೆ ಬಿಟ್ಟು ಕಾದ. ಎಡಗಿವಿಯದು ಹೇಗೋ ತಿರುಗಿ ಬಂತು. ಬಲಗಿವಿಯ ಹಿಂದೆ ತಿರುಪಿನ ಮೇಲೆ ಮಾಂಸ ಬೆಳೆದು ಮುಚ್ಚಿಕೊಂಡಿತ್ತು.

"ಕಿವೀನೇ ಒಸಿ ಕುಯ್ದುಬುಡಿ. ಸತ್ತೋರ್ಗೆ ನೋವೆಲ್ಲೈತೆ?" ಎಂದ ಲಿಂಗಯ್ಯ. "ಕೊಳ್ಳೋ ಮೈಸೂರಿನ ಅಂಗಡಿಯೋರು ಇದು ಆಂಟಿಕ್ಕು, ಹಳೇ ಕಾಲದ್ದು, ಜೋಡಿ ಮುಕ್ಕಾಗ್ದಂಗೆ ಬೇಕು ಅಂದವ್ರೆ."

ಅವನ ಅಕ್ಕ ಜಯಲಕ್ಷ್ಮಮ್ಮ ಸೆರಗನ್ನು ಬಾಯಿಗೊತ್ತಿಕೊಂಡು ಆಚೆ ತಿರುಗಿದಳು.

"ಬ್ಯಾಡ ಕಣಪ್ಪ," ಎಂದ ಆಚಾರಿ. "ಈ ಕಿವಿ ಚುಚ್ಚಿದ್ದೂ ನಾನೇ. ಅವತ್ತು ಬಲು ಅತ್ತಿದ್ಲು."

ಉಳಿಯ ಮೊನೆಯಿಂದ ಕೆಂಪುಕಲ್ಲನ್ನು ಮೀಟಿ ತೆಗೆದ. ಅದರಡಿಯ ಬೆಸುಗೆ ಕತ್ತರಿಸುವಾಗ ಸುತ್ತಲಿನ ಚಿನ್ನದ ಎಸಳು ಹರಿದು ಮುತ್ತುಗಳು ಅವಳ ಮಡಿಲಿಗೆ ಉದುರಿದವು. ಕಿವಿಗೆ ಏನೂ ಆಗಲಿಲ್ಲ. ತಿರುಪು ಮಾತ್ರ ಒಳಗೇ ಉಳಿದು ಅವಳ ಜೊತೆ ಮಣ್ಣಿಗೆ ಹೋಯಿತು. ಲಿಂಗಯ್ಯ ಆಚಾರಿಯನ್ನು ವಾಪಸ್ಸು ಬಿಡಲು ಬರಲಿಲ್ಲ.

ತಿಂಗಳಾದ ಮೇಲೆ ಜಯಲಕ್ಷ್ಮಮ್ಮ ಎರಡೂ ಬುಗುಡಿಗಳನ್ನು, ಒಂದು ಇಡಿಯಾಗಿ, ಒಂದು ಚೂರಾಗಿ, ಕರವಸ್ತ್ರದಲ್ಲಿ ಕಟ್ಟಿ ತಂದಳು. ತಮ್ಮನನ್ನು ಕಾಡಿ ಬೇಡಿ ಇಸಕೊಂಡಿದ್ದಳು.

"ಮೊದ್ಲಿನಂಗೆ ಮಾಡ್ಕೊಡಿ ಆಚಾರ್ರೇ. ಮಾರಕ್ಕಲ್ಲ, ನಾನಿಕ್ಕೊಳಕ್ಕೆ."

ಆಚಾರಿ ಇಡಿಯಾಗಿದ್ದುದನ್ನು ಮಾದರಿಗೆ ಮುಂದಿಟ್ಟುಕೊಂಡು ನಾಲ್ಕು ದಿನ ಒದ್ದಾಡಿದ. ಕಣ್ಣು ಮಂಜಾಗಿ ಒಂದು ಮುತ್ತು ಎರಡಾಗಿ ಕಂಡಿತು. ಇಕ್ಕಳ ಜಾರಿ ಒಂದು ಮುತ್ತು ಒಡೆಯಿತು. ಐದನೆಯ ದಿನ ಅವಳು ಬಂದಾಗ ಗಂಟು ಮುಂದಕ್ಕೆ ತಳ್ಳಿದ.

"ಆಗ್ನಿಲ್ಲ ಕಣವ್ವ."

"ಇನ್ಯಾರೂ ಇಲ್ವಾ?"

"ನನ್ ತಮ್ಮ ಮಾಡೋನು. ಅವ್ನು ಹೋಗಿ ಆರು ವರ್ಸ. ಈಗ್ನೋರೆಲ್ಲ ಅಚ್ಚಲ್ಲಿ ಒತ್ತೋರೇಯ."

ಅವಳು ಗಂಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಆಚಾರಿ ಬಾಗಿಲಲ್ಲಿ ನಿಂತು ನೋಡಿದ. ಆಮೇಲೆ ಒಳಗೆ ಹೋದ; ಆ ದಿನ ಕುಲುಮೆಗೆ ಬೆಂಕಿ ಮಾಡಲಿಲ್ಲ.