ಕಾಫಿ ಕೇಳುವಷ್ಟು ಜಾಗ

ಕನ್ನಡಿಯ ಕೆಳಮೂಲೆಯಲ್ಲಿ ನೊರೆಯ ಒಂದು ಚುಕ್ಕೆ, ಒಣಗಿ ಸುಣ್ಣ ಸಿಡಿದಂತೆ ಅಂಟಿಕೊಂಡಿದೆ, ಐದು ದಿನದಿಂದ ಅಷ್ಟು ಜನ ಇದೇ ಬೇಸಿನ್ನಿನಲ್ಲಿ ಮುಖ ತೊಳೆದುಕೊಂಡು ಹೋದರು, ಯಾರೂ ಒರೆಸಲಿಲ್ಲ, ಯಾರ ಕಣ್ಣಿಗೂ ಬೀಳಲಿಲ್ಲವೋ ಏನೋ, ಸರ್ವಮಂಗಳಾ ಹಲ್ಲುಜ್ಜುವುದನ್ನು ನಿಲ್ಲಿಸಿ ಅದನ್ನೇ ನೋಡುತ್ತಾಳೆ, ಉಗುರಿನಿಂದ ಕೆರೆದರೆ ಹೋಗುತ್ತದೆ, ಕೆರೆಯುವುದಿಲ್ಲ, ಅದು ರುದ್ರೇಶನ ಗಲ್ಲದಿಂದ ಹಾರಿದ್ದು — ಬುಧವಾರ ಬೆಳಿಗ್ಗೆ ಏಳೂಕಾಲಿಗೆ ಅವನು ಇಲ್ಲೇ ನಿಂತಿದ್ದ, ಅರ್ಧ ಮುಖ ಬೋಳಿಸಿ ಆಗಿತ್ತು, ಇನ್ನರ್ಧ ನೊರೆ, ಅವಳು ಟವೆಲ್ಲು ಕೊಡಲು ಹಿಂದೆ ಬಂದಳು, ಕನ್ನಡಿಯೊಳಗಿನ ಅವನ ಕಣ್ಣು ಅವಳನ್ನು ಕಂಡಿತು, ಬಾಯಿ ತೆರೆಯಿತು, ನೊರೆಯ ನಡುವೆ ಒಂದು ಕಪ್ಪು ತೂತು, ಏನೋ ಹೇಳುವವನಿದ್ದ, ದನಿ ಬರಲಿಲ್ಲ, ಅವಳು ನಕ್ಕಳು. ಹೌದು, ನಕ್ಕಳು, ಇದನ್ನು ಯಾರಿಗೂ ಹೇಳಿಲ್ಲ, ಮದುವೆಯಾದ ವರ್ಷ ಅವನಿಗೆ ಒಂದು ಸಿನಿಮಾದಲ್ಲಿ ಹೆಣದ ಪಾರ್ಟು ಸಿಕ್ಕಿತ್ತು, ದಿನಾ ಚಾಪೆಯ ಮೇಲೆ ಬಾಯಿ ತೆರೆದು ಮಲಗಿ ಉಸಿರು ಹಿಡಿಯುತ್ತಿದ್ದ, ಎಣಿಸೇ ಮಂಗಳಾ, ಎಷ್ಟಾಯ್ತು, ಅರವತ್ತೆರಡು ಕಣ್ರೀ, ಥೂ, ನೂರು ಬೇಕಂತೆ, ಡೈರೆಕ್ಟ್ರು ಹೇಳಿದಾರೆ, ಇನ್ನೊಂದ್ಸಲ ಎಣಿಸು ಮಾರಾಯ್ತಿ — ಆಮೇಲೆ ಅದು ಮನೆಯ ಆಟವೇ ಆಯಿತು, ಸಾರಿಗೆ ಉಪ್ಪು ಹೆಚ್ಚಾದರೆ ಬಾಯಿ ತೆರೆದು ಸಾಯುವುದು, ಕರೆಂಟು ಬಿಲ್ಲು ಬಂದರೆ ಸಾಯುವುದು, ಅವಳು ಎಣಿಸುವುದು. ಬುಧವಾರವೂ ಎಣಿಸಿದಳು, ನಗುತ್ತಲೇ, ಒಂದು, ಎರಡು, ಮೂರು, ಏಳಕ್ಕೆ ಅವನ ಹಣೆ ಬೇಸಿನ್ನಿಗೆ ಬಡಿಯಿತು. ಮೆದುಳಲ್ಲಿ ರಕ್ತನಾಳ ಒಡೆದಿದೆ, ಬೇಗ ಕರ್ಕೊಂಡು ಬಂದಿದ್ರೂ ಅಷ್ಟೇ ಇತ್ತಮ್ಮ ಎಂದರು ಡಾಕ್ಟರು, ಎಷ್ಟು ಬೇಗ, ಏಳು ಎಣಿಸುವಷ್ಟು ಬೇಗವೇ, ಅವಳು ಕೇಳಲಿಲ್ಲ. ಬಾಯಿ ಮಾತ್ರ ಮುಚ್ಚಲಿಲ್ಲ, ಬಿಳಿ ಬಟ್ಟೆಯಿಂದ ಗಲ್ಲ ಎತ್ತಿ ತಲೆಗೆ ಕಟ್ಟಿದರು, ಲಿಂಗವಂತರಲ್ಲಿ ಕೂರಿಸಿಯೇ ಮಣ್ಣು ಮಾಡುವುದು, ಗೋಡೆಗೆ ಒರಗಿಸಿ ಕೂರಿಸಿ ಹಣೆತುಂಬ ವಿಭೂತಿ ಬಳಿದಾಗ ಮೇಕಪ್ಪಿಗೆ ಕೂತವನ ಹಾಗೇ ಇದ್ದ, ಇನ್ನೇನು ಕಣ್ಣು ತೆರೆದು ಸಾಕು ಬಿಡ್ರಪ್ಪ ಎನ್ನುವ ಹಾಗೆ — ಗುರುವಾರ ಮಧ್ಯಾಹ್ನ ಒಂದೂವರೆಗೆ, ಭಜನೆ ಒಂದು ಗಳಿಗೆ ನಿಂತಾಗ, ಪಕ್ಕದ ಮನೆಯ ಟಿವಿಯಿಂದ, ಅವನು ಮಾಡುತ್ತಿದ್ದ ಸೀರಿಯಲ್ಲಿನಿಂದ, ಅವನ ಮಾತು ಕೇಳಿಸಿತು, ಗೋಡೆಯಾಚೆ ಅವನು ಮಾತಾಡುತ್ತಿದ್ದಾನೆ, ಗೋಡೆಗೆ ಒರಗಿ ಅವನು ಬಾಯಿ ಕಟ್ಟಿಸಿಕೊಂಡು ಕೂತಿದ್ದಾನೆ, ಯಾರೋ ಓಡಿಹೋಗಿ ಆರಿಸಿಬಂದರು.

ಬ್ರಷ್ಷು ತೊಳೆದಿಟ್ಟಳು, ಅವನದು ನೀಲಿ, ಅಲ್ಲೇ ಇರಲಿ. ನಿನ್ನೆ ಸಂಜೆಗೆ ನೆಂಟರೆಲ್ಲ ಹೊರಟರು, ವಿನೋಬನಗರದ ಈ ಬಾಡಿಗೆ ಮನೆಯಲ್ಲಿ ಈಗ ಇಬ್ಬರೇ, ಅವಳು, ಅವಳ ಅತ್ತೆ ಕಲ್ಲಮ್ಮ, ಸೋಮವಾರ ಎಲ್ಲ ಸೋಮವಾರಗಳ ಹಾಗೆ ಬಂದಿದೆ, ನಲ್ಲಿಯಲ್ಲಿ ನೀರು ಬಂದಿದೆ, ಸ್ಕೂಲ್ ಆಟೋದಲ್ಲಿ ಮಕ್ಕಳು ಕಿರುಚಿಕೊಂಡು ಹೋದವು, ಅತ್ತೆ ಲಿಂಗಪೂಜೆ ಮುಗಿಸಿ ಎದ್ದವರು ಸೀದಾ ಹಾಲಿಗೆ ಬಂದು ಟಿವಿಯ ಮೇಲಿನ ಬಟ್ಟೆ ತೆಗೆಯುತ್ತಿದ್ದಾರೆ, ಧೂಳು ಒರೆಸುತ್ತಿದ್ದಾರೆ, ಅತ್ತೆ, ಇವತ್ತು ಬೇಡ, ಯಾಕೆ ಬೇಡ, ಒಂದೂವರೆಗೆ ಬರ್ತಾನಲ್ಲ, ನೋಡ್ತೀನಿ, ಅದು ಅವರ ದನಿ ಅಲ್ಲ ಅತ್ತೆ, ಇವತ್ತಿಂದ ಬೇರೆಯವರದು, ಯಾರ ದನಿಯಾದ್ರೇನೇ, ಮುಖ ನನ್ನ ಮಗಂದಲ್ವಾ. ಮುಖ. ಅವಳಿಗೆ ಮುಖದ ಭಯವಿಲ್ಲ, ಮುಖ ಗೋಡೆಯ ಮೇಲೆ ಇದೆ, ಹಾರ ಹಾಕಿಸಿಕೊಂಡು. ಪ್ರೊಡಕ್ಷನ್ ಮ್ಯಾನೇಜರ್ ಮೂರ್ತಪ್ಪ ಬೆಂಗಳೂರಿನಿಂದ ದೊಡ್ಡ ಹಾರ ತಂದಿದ್ದರು, ಹೊರಡುವಾಗ ಚಪ್ಪಲಿ ಮೆಟ್ಟುತ್ತ ಹೇಳಿದರು, ಎಂಟು ಎಪಿಸೋಡು ಶೂಟಾಗಿ ಕೂತಿದೆಯಮ್ಮ, ಡಬ್ಬಿಂಗ್ ಒಂದು ಆಗಿಲ್ಲ, ರುದ್ರೇಶ್ ಗುರುವಾರ ಬಂದು ಮಾಡಬೇಕಿತ್ತು, ಇರಲಿ, ಯಾರಾದ್ರೂ ಮಿಮಿಕ್ರಿಯವರ ಕೈಲಿ ಮಾಡಿಸ್ತೀವಿ, ನಿಮಗೇ ಗೊತ್ತಾಗಲ್ಲ ಹಾಗೆ ಮಾಡ್ತಾರೆ. ನಿಮಗೇ ಗೊತ್ತಾಗಲ್ಲ — ಅವರು ಸಮಾಧಾನಕ್ಕೆ ಹೇಳಿದ್ದು, ಅವಳಿಗೆ ಭಯ ಹುಟ್ಟಿದ್ದು ಆಗ. ಮೊದಲು ಚಿತ್ರ ತೆಗೆಯುತ್ತಾರೆ, ಆಮೇಲೆ ಸ್ಟುಡಿಯೋದ ಕತ್ತಲಲ್ಲಿ ಕೂತು ಪರದೆಯ ತುಟಿಗೆ ದನಿ ಕೂಡಿಸುತ್ತಾರೆ, ಇವತ್ತು ಒಂದೂವರೆಗೆ ರುದ್ರೇಶನ ಬಾಯಿ ತೆರೆಯುತ್ತದೆ, ಅದರೊಳಗಿಂದ ಯಾರೋ ಮಾತಾಡುತ್ತಾನೆ, ಎಂಟು ದಿನ ಮಾತಾಡುತ್ತಾನೆ, ಒಂಬತ್ತನೆಯ ದಿನ ಅವಳು ಕಣ್ಣು ಮುಚ್ಚಿ ಅವನನ್ನು ನೆನೆದರೆ ಆ ಯಾರೋ ಮಾತಾಡಿದರೆ?

ಅವನ ದನಿ ಎಲ್ಲಿದೆ, ಮೂರು ದಿನದಿಂದ ಹುಡುಕುತ್ತಿದ್ದಾಳೆ, ಹೊರಗೆ ಅಳುವವರ ನಡುವೆ ಕೂತು ಒಳಗೆ ಹುಡುಕಿದ್ದಾಳೆ. ಮದುವೆಯ ವಿಡಿಯೋದಲ್ಲಿ ಮೊದಲಿಂದ ಕೊನೆಯವರೆಗೆ ಸಿನಿಮಾ ಹಾಡು ತುಂಬಿಸಿದ್ದಾನೆ ವಿಡಿಯೋದವನು, ರುದ್ರೇಶ ಜನರ ಜೊತೆ ನಗುತ್ತ ಮಾತಾಡುವುದು ಕಾಣುತ್ತದೆ, ಕೇಳುವುದಿಲ್ಲ. ಸಿನಿಮಾಗಳು ಐದು, ಒಂದರಲ್ಲಿ ಹೆಣ, ಹೆಣಕ್ಕೆ ಡಬ್ಬಿಂಗ್ ಖರ್ಚಿಲ್ಲ ನೋಡು ಎಂದು ಅವನೇ ನಗುತ್ತಿದ್ದ, ಉಳಿದ ನಾಲ್ಕರಲ್ಲಿ ಕಾನ್‌ಸ್ಟೇಬಲ್ಲು, ಹುಡುಗಿ ಒಪ್ಪದ ಗಂಡು, ಹೀರೋನ ಗೆಳೆಯ, ಮತ್ತೆ ಕಾನ್‌ಸ್ಟೇಬಲ್ಲು, ನಿನ್ನ ಮುಖ ಒರಟು, ದನಿ ಮೆತ್ತಗೆ, ಹೊಂದಲ್ಲ ಕಣಯ್ಯ ಎಂದು ನಾಲ್ಕಕ್ಕೂ ಬೇರೆಯವರ ದನಿ ಹಾಕಿದರು. ಆ ಮೆತ್ತನೆಯ ದನಿಗೇ ಅವಳು ಸೋತದ್ದು, ತೊಂಬತ್ತೈದರಲ್ಲಿ, ಶಂಕರಘಟ್ಟದ ಕ್ಯಾಂಪಸ್ಸಿನಲ್ಲಿ ಎಂ.ಎ. ಓದುವಾಗ ಭದ್ರಾವತಿ ಕಾರ್ಖಾನೆಯ ಕಲಾಸಂಘದವರು ನಾಟಕ ಆಡಲು ಬಂದಿದ್ದರು, ಮೈಕು ಕೆಟ್ಟಿತು, ಮಿಕ್ಕವರೆಲ್ಲ ಅರಚಿದರು, ಇವನೊಬ್ಬ ಅರಚಲಿಲ್ಲ, ಇಡೀ ಸಭೆಯೇ ಸುಮ್ಮನಾಗಿ ಅವನ ಕಡೆ ಬಾಗಿತು. ಆಮೇಲೆ ಈ ಸೀರಿಯಲ್ಲು, ಮೊದಲ ಸಲ ಅವನದೇ ಮುಖಕ್ಕೆ ಅವನದೇ ದನಿ, ಆದರೆ ಅದೂ ಅವನದಲ್ಲ. ಜಬ್ಬಾರ್ ಮೇಸ್ತ್ರಿಯ ಪಾತ್ರ, ವಯಸ್ಸಾದ ವೆಲ್ಡರು, ಪಾತ್ರ ಸಿಕ್ಕಿದ್ದೇ ರುದ್ರೇಶ ಬಸ್ಸು ಹತ್ತಿ ಭದ್ರಾವತಿಗೆ ಹೋಗಿ ಹಾಜರಮ್ಮನ ಹತ್ತಿರ ಒಂದು ಕ್ಯಾಸೆಟ್ಟು ಕಡ ತಂದ. ಹಾಜರಮ್ಮನ ಗಂಡ ಗುಲಾಮ್ ಮೊಹಿದ್ದೀನ್, ಅವಳ ಮಾವ ಗಂಗಾಧರಪ್ಪನವರ ಜೊತೆ ಕಾರ್ಖಾನೆಯಲ್ಲಿ ವೆಲ್ಡಿಂಗ್ ಮಾಡುತ್ತಿದ್ದವರು, ಎರಡು ಕ್ವಾರ್ಟರ್ಸಿಗೂ ಒಂದೇ ಗೋಡೆ, ಆಮೇಲೆ ಸೌದಿಗೆ ಹೋದರು, ಕಾಗದ ಬರೆಯಲು ಬಾರದೆ ಕ್ಯಾಸೆಟ್ಟಿನಲ್ಲಿ ಮಾತಾಡಿ ಕಳಿಸಿದರು, ಅಲ್ಲೇ ತೀರಿಕೊಂಡರು, ಅಲ್ಲೇ ಮಣ್ಣಾದರು, ಹಾಜರಮ್ಮನಿಗೆ ಉಳಿದದ್ದು ಆ ಒಂದು ಕ್ಯಾಸೆಟ್ಟು, ಜೋಪಾನ ಮಗಾ, ಅದ್ರೊಳಗೆ ನಮ್ಮೋರು ಇದ್ದಾರೆ ಎಂದು ಸೆರಗಿನಲ್ಲಿ ಒರೆಸಿ ಕೊಟ್ಟಿದ್ದರಂತೆ. ಹೆಂಡತಿಗೆ ಉರ್ದುವಿನಲ್ಲಿ ಅರ್ಧ ಗಂಟೆ, ನಡುವೆ ಗೆಳೆಯನಿಗೆ ಕನ್ನಡದಲ್ಲಿ ಹತ್ತು ನಿಮಿಷ, ಗಂಗಾಧರಪ್ನೋರೇ, ನಾನು ಮೊಹಿದ್ದೀನ್ ಮಾತಾಡೋದು, ಇಲ್ಲಿ ಎಲ್ಲಾ ಚೆನ್ನಾಗೈತೆ, ನೀರೊಂದೇ ನಮ್ಮ ಭದ್ರಾ ನೀರಲ್ಲ. ಆ ಹತ್ತು ನಿಮಿಷವನ್ನು ರುದ್ರೇಶ ಹದಿನೈದು ದಿನ ಅರೆದು ಕುಡಿದ, ಒಂದು ವಾಕ್ಯ ಕೇಳುವುದು, ನಿಲ್ಲಿಸುವುದು, ಹಾಗೇ ಹೇಳುವುದು, ಕ್ಯಾಸೆಟ್ಟು ಮಗುಚಿ ಖಾಲಿ ಬದಿಯಲ್ಲಿ ತನ್ನದನ್ನು ರೆಕಾರ್ಡು ಮಾಡಿ ಕೇಳುವುದು, ಕಡೆಕಡೆಗೆ ಅಡುಗೆಮನೆಯಲ್ಲಿ ನಿಂತ ಅವಳಿಗೆ ಯಾವುದು ಸತ್ತವರದು ಯಾವುದು ಗಂಡನದು ತಿಳಿಯದೆ ಒಂದು ಸಲ ಮೈ ಜುಂ ಎಂದಿತ್ತು.

ಮೊನ್ನೆ ಶನಿವಾರ ರೂಮಿನ ಬಾಗಿಲು ಹಾಕಿಕೊಂಡು ಅದನ್ನು ಹಾಕಿದಳು, ರುದ್ರೇಶನಿಗಾಗಿ ಇಡೀ ಖಾಲಿ ಬದಿ ಕೇಳಿದಳು, ಅಲ್ಲಿದ್ದದ್ದೆಲ್ಲ ಮೊಹಿದ್ದೀನರಾದ ರುದ್ರೇಶನೇ, ನೀರೊಂದೇ ನಮ್ಮ ಭದ್ರಾ ನೀರಲ್ಲ, ನೀರೊಂದೇ ನಮ್ಮ ಭದ್ರಾ ನೀರಲ್ಲ. ಮಗುಚಿ ಹಾಕಿದಳು, ಯಾಕೋ, ಸುಮ್ಮನೆ, ಉರ್ದು, ಕೆಮ್ಮು, ಕನ್ನಡ, ಮತ್ತೆ ಉರ್ದು, ಕೊನೆಗೆ ಹಾಜರಾ, ಏಕ್ ಬಾತ್ ಸುನ್ — ಟಕ್ ಎಂದಿತು. ಟಕ್ ಎಂದ ಮೇಲೆ ನೀರೊಂದೇ ನಮ್ಮ ಭದ್ರಾ ನೀರಲ್ಲ, ಒಂದು ನಿಟ್ಟುಸಿರು, ಆಮೇಲೆ ಮೆತ್ತಗೆ, ಹತ್ತಿರದಲ್ಲಿ, ಕಿವಿಯೊಳಗೇ, ಮಂಗಳಾ, ಕಾಫಿ ಕೊಡೇ. ದೂರದಿಂದ ಅವಳದೇ ದನಿ, ತಂದೇರೀ. ಟಕ್. ಮಗುಚುವುದನ್ನು ಮರೆತು ಅವರ ಮಾತಿನ ಮೇಲೇ ರೆಕಾರ್ಡು ಒತ್ತಿದ್ದಾನೆ. ಹೆಂಡತಿಗೆ ಹೇಳಬೇಕಿದ್ದ ಒಂದು ಮಾತು, ಕೇಳು ಹಾಜರಾ ಎಂದು ತೆಗೆದ ಬಾಯಿ, ಆ ಮಾತಿದ್ದ ಜಾಗದಲ್ಲಿ ಇವನು ಕೂತು ಕಾಫಿ ಕೇಳುತ್ತಿದ್ದಾನೆ, ಮೂರೇ ಪದ, ಪ್ರಪಂಚದಲ್ಲಿ ಅವನ ದನಿ ಇರುವುದು ಇಷ್ಟೇ, ಇನ್ನೊಬ್ಬರ ಮಾತನ್ನು ತಿಂದು ಇರುವುದು. ಅವನಿಗೆ ಗೊತ್ತಿತ್ತೇ, ಅದಕ್ಕೇ ನಾಲ್ಕು ತಿಂಗಳು ವಾಪಸು ಕೊಡದೆ ಮುಂದಿನ ವಾರ ಹೋಗ್ತೀನಿ, ಮುಂದಿನ ವಾರ ಎನ್ನುತ್ತಿದ್ದನೇ, ಕನ್ನಡಿಯೊಳಗೆ ಬಾಯಿ ತೆರೆದದ್ದು ಇದನ್ನು ಹೇಳಲಿಕ್ಕೋ. ಕ್ಯಾಸೆಟ್ಟನ್ನು ಸೀರೆಗಳ ಕೆಳಗಿಟ್ಟಳು, ಕಳೆದುಹೋಯ್ತು ಎಂದರಾಯಿತು, ಮಣ್ಣಿಗೆ ಬಂದ ಹಾಜರಮ್ಮ ಅತ್ತೆಯ ಬೆನ್ನು ಸವರುತ್ತ ಕೂತಿದ್ದರು, ಅದರ ಸುದ್ದಿಯನ್ನೇ ಎತ್ತಲಿಲ್ಲ, ಸತ್ತವನನ್ನು ಯಾರು ಕೇಳುತ್ತಾರೆ. ಆದರೆ ಅತ್ತೆ ಕೇಳಿದರು, ಇವತ್ತು, ಟಿವಿ ಒರೆಸುತ್ತಲೇ, ಹಾಜರವ್ವನ ಕ್ಯಾಸೆಟ್ಟು ಇಲ್ಲೇ ಐತೇನೇ, ಸತ್ತೋರು ತಂದ ಕಡ ಮನೇಲಿ ಇಟ್ಕೋಬಾರದು ಮಾರಾಯ್ತಿ, ಹೋದೋರ ಕಾಲು ಹಿಡಿದೆಳಿತದೆ, ಕೊಟ್ಟು ಬಾ, ಇಷ್ಟು ಬೇಗ ಹೊರಗೆ ಹೋಗೋದಾ ಅತ್ತೆ, ಜನ — ಲಿಂಗ ಕಟ್ಟಿದೋರಿಗೆ ಸೂತಕ ಎಂಥದು, ಜನಕ್ಕೇನು, ಹೋಗು. ಹೋದರೆ ಒಂದೂವರೆಗೆ ಈ ಟಿವಿಯ ಮುಂದೆ ಇರುವುದು ತಪ್ಪುತ್ತದೆ, ಅಷ್ಟಕ್ಕೇ ಹೊರಟಳು, ಹನ್ನೆರಡಕ್ಕೆ ಭದ್ರಾವತಿಯಲ್ಲಿ, ಕೊಟ್ಟು ಎದ್ದರೆ ಒಂದರ ಬಸ್ಸು, ಒಂದೂವರೆಗೆ ದಾರಿಯಲ್ಲಿ, ಬಸ್ಸಿನಲ್ಲಿ ಟಿವಿ ಇರುವುದಿಲ್ಲ.

ಬಸ್ಸಿನಲ್ಲಿ ಕ್ಯಾಸೆಟ್ಟು ಮಡಿಲಲ್ಲಿ, ಕರ್ಚೀಫಿನೊಳಗೆ, ಮಲವಗೊಪ್ಪ ದಾಟಿತು, ನಿದಿಗೆ ದಾಟಿತು, ಪಕ್ಕದ ಹೆಂಗಸು ಎರಡು ಸಲ ನೋಡಿದಳು, ಮೂರನೆಯ ಸಲ ಕೇಳಿದಳು, ನೀವು ಜಬ್ಬಾರ್ ಮೇಸ್ತ್ರಿ ಮನೆಯೋರಲ್ವಾ, ಪೇಪರಲ್ಲಿ ಫೋಟೋ ಬಂದಿತ್ತು, ಅಯ್ಯೋ, ಏನಮ್ಮ ಇದು, ಶುಕ್ರವಾರ ಕೂಡ ಎಷ್ಟ್ ಚೆನ್ನಾಗಿ ಮಾತಾಡಿದ್ರು — ಶುಕ್ರವಾರ ಅವನು ಮಣ್ಣೊಳಗಿದ್ದ, ಅವಳು ತಲೆಯಾಡಿಸಿದಳು, ಕಿಟಕಿಗೆ ತಿರುಗಿದಳು, ಸೇತುವೆ ಬಂದಾಗ ಎಸೆದುಬಿಡಲೇ, ಭದ್ರಾ ನೀರಿಗೆ, ಇಬ್ಬರ ದನಿಯೂ ಒಂದೇ ಸಲ ಹೋಗಲಿ, ಇಲ್ಲ, ಇಳಿದು ವಾಪಸು ಹೋಗುವ ಬಸ್ಸು ಹತ್ತಲೇ. ರೈಲ್ವೆ ಗೇಟು ಹಾಕಿತ್ತು. ಗೂಡ್ಸು ಗಾಡಿ, ಮುಗಿಯುವುದೇ ಇಲ್ಲ, ಡ್ರೈವರು ಇಂಜಿನ್ ಆರಿಸಿ ಬೀಡಿ ಹಚ್ಚಿದ, ಕಾರ್ಖಾನೆಯ ಚಿಮಣಿಯಿಂದ ಹೊಗೆ ನೆಟ್ಟಗೆ ಮೇಲೆ, ಹನ್ನೆರಡೂವರೆ, ಗಾಡಿ ಹೋದ ಮೇಲೂ ಗೇಟು ಎತ್ತಲಿಲ್ಲ, ಇನ್ನೊಂದು ಇಂಜಿನ್ ಬರಬೇಕಂತೆ, ಹನ್ನೆರಡೂ ಐವತ್ತು, ಅವಳು ಎಣಿಸುತ್ತಿದ್ದಾಳೆ, ಏಳು ಬಂದಾಗ ನಿಲ್ಲಿಸುತ್ತಾಳೆ, ಮತ್ತೆ ಒಂದರಿಂದ. ಹಳೇನಗರದ ಓಣಿಯಲ್ಲಿ ನಡೆಯುವಾಗ ಒಂದೂ ಇಪ್ಪತ್ತು, ಬಾಗಿಲಲ್ಲೇ ಕೊಟ್ಟು ತಿರುಗಿದರೂ ಆದೀತು, ಬಾಗಿಲು ತೆರೆದೇ ಇದೆ, ಬಾ ಮಗಾ, ಬಾ ಒಳಗೆ, ಅಲ್ಲೇ ಯಾಕೆ ನಿಂತೆ, ಬಿಸಿಲಲ್ಲಿ ಬಂದಿದೀಯ, ಹಾಜರಮ್ಮನ ಕೈ ಅವಳ ಮೊಣಕೈ ಹಿಡಿದಿದೆ, ಆ ಕೈ ಬಿಡಿಸಿಕೊಳ್ಳಲು ಆಗುವುದಿಲ್ಲ, ಒಳಗೆ ಟಿವಿ ಹತ್ತಿಸಿದೆ, ಸೋಪಿನ ಜಾಹೀರಾತು.

ಹಾಜರಮ್ಮಾ, ಇದು ಕೊಡೋಣ ಅಂತ — ಕರ್ಚೀಫು ಬಿಚ್ಚುತ್ತಾಳೆ, ಅಯ್ಯೋ ಇದಕ್ಕೆ ಇಷ್ಟು ಅವಸರ ಮಾಡ್ಕೊಂಡು ಬಂದ್ಯಾ, ನಾನು ದಿನಾ ಟಿವೀಲಿ ಕೇಳ್ತಾನೇ ಇದ್ದೆನಲ್ಲ, ನಿನ್ ಗಂಡ ನಮ್ಮೋರನ್ನ ದಿನಾ ಒಂದೂವರೆಗೆ ಮನೆಗೆ ಕಳಿಸ್ತಿದ್ದ. ಸರ್ವಮಂಗಳಾ ಹೇಳಿದಳು, ಕೊನೇಲಿ ಅಳಿಸಿಹೋಗಿದೆ ಹಾಜರಮ್ಮಾ, ಇವರು ಗೊತ್ತಿಲ್ಲದೆ ಅದರ ಮೇಲೇ ರೆಕಾರ್ಡು ಮಾಡಿಬಿಟ್ಟಿದಾರೆ, ಏಕ್ ಬಾತ್ ಸುನ್ ಅಂತಾರಲ್ಲ, ಅದಾದ ಮೇಲೆ. ಹಾಜರಮ್ಮನ ಮುಖದಲ್ಲಿ ಏನೂ ಕದಲಲಿಲ್ಲ, ಎಷ್ಟು ಮಗಾ, ಎಷ್ಟು ಹೋಗಿದೆ. ಎಷ್ಟು ಎಂದು ಹೇಗೆ ಹೇಳುವುದು, ಒಂದು ಕಾಫಿ ಕೇಳುವಷ್ಟು ಎಂದಳು. ಕಾಫಿ? ಅಲ್ಲಿ ಇವರು ನನ್ನ ಹತ್ರ ಕಾಫಿ ಕೇಳ್ತಾರೆ. ನಮ್ಮೋರ ಥರಾನಾ. ಇಲ್ಲ, ಇವರ ಥರಾನೇ, ಇವರದೇ ದನೀಲಿ, ಅದೊಂದೇ ಇರೋದು. ಹಾಜರಮ್ಮ ಕೈ ಚಾಚಿದರು, ಆಗಲೂ ಕೊಡದೆ ಹಿಡಿದಿದ್ದಳು, ಕ್ಯಾಸೆಟ್ಟಿನ ಪುಟ್ಟ ಕಿಟಕಿಯೊಳಗಿನ ಆ ಎರಡು ಬಿಳಿ ಚಕ್ರ, ನಡುವೆ ಕಂದು ಟೇಪು, ಅದರಲ್ಲಿ ಎಲ್ಲೋ ಒಂದು ಬೆರಳಗಲ ಅವನು, ನಾನು ಇದನ್ನ ಮತ್ತೆ ಕೇಳೋಕೆ ಬರಬಹುದಾ ಎಂದು ಕೇಳಬೇಕು, ಕೇಳಲಾಗಲಿಲ್ಲ, ಇಟ್ಟಳು, ಆ ಅಂಗೈ ಮೇಲೆ ಇಟ್ಟಳು, ಬೆರಳುಗಳು ಮುಚ್ಚಿಕೊಂಡವು, ಸಾಲ ಹರಿಯಿತು ಎಂದುಕೊಂಡ ಅದೇ ಗಳಿಗೆಗೆ ಹಿಂದಿನಿಂದ ಸೀರಿಯಲ್ಲಿನ ಸಂಗೀತ. ಕೂತ್ಕೋ ಮಗಾ, ಬರೋ ಹೊತ್ತಾಯ್ತು ಎಂದರು ಹಾಜರಮ್ಮ, ಅವರಿಗೆ ಯಾರೂ ಹೇಳಿಲ್ಲ, ಇವತ್ತಿನಿಂದ ಬೇರೆ ದನಿ ಎಂದು ಅವರಿಗೆ ಗೊತ್ತೇ ಇಲ್ಲ, ಹೇಳಬೇಕು, ಈಗಲೇ, ಆರಿಸಿ ಎನ್ನಬೇಕು, ಅವಳ ಬಾಯಿ ತೆರೆಯುತ್ತದೆ, ದನಿ ಬರುವುದಿಲ್ಲ, ಪರದೆಯ ಮೇಲೆ ವೆಲ್ಡಿಂಗಿನ ನೀಲಿ ಬೆಂಕಿ, ಮುಖಕ್ಕೆ ಕಪ್ಪು ಮುಸುಕು ಹಿಡಿದು ಬಗ್ಗಿದ ಒಬ್ಬ ಮನುಷ್ಯ, ಕಿಡಿ ಆರಿತು, ಅವನು ಮುಸುಕು ಇಳಿಸಿ ತಿರುಗಿದ, ಅವನೇ, ಅವಳನ್ನೇ ನೋಡುತ್ತಿದ್ದಾನೆ, ಹಾಜರಮ್ಮ ಕ್ಯಾಸೆಟ್ಟನ್ನು ಎದೆಗೊತ್ತಿಕೊಂಡು ಮುಂದಕ್ಕೆ ಬಾಗಿದರು, ಬಾಯಿ ತೆರೆಯಿತು, ನರೆತ ಗಡ್ಡದ ನಡುವೆ, ನೊರೆಯ ನಡುವೆ, ಒಂದು ಕಪ್ಪು ತೂತು, ಒಂದು, ಎರಡು, ಮೂರು, ತೆರೆದ ಬಾಯಿ